ಬೇಜಾರಾದ ಜಾಗದಿಂದ ಹದಿನೈದು ನಿಮಿಷ ಹಿಂದಕ್ಕೆ

ಪ್ರಶ್ನೆ: ನಾನು ಸಿನಿಮಾ ಓದಿಕೊಂಡವನಲ್ಲ. ವಾರಕ್ಕೆ ಒಂದೋ ಎರಡೋ ನೋಡುತ್ತೇನೆ. ಹೆಚ್ಚಾಗಿ ರಾತ್ರಿ, ಮನೆಯ ಟಿವಿಯಲ್ಲಿ, ಹೆಂಡತಿಯ ಜೊತೆ. ಈಚಿನ ಥ್ರಿಲ್ಲರ್‌ಗಳು ಕೊನೆಯ ಹತ್ತು ನಿಮಿಷದಲ್ಲಿ ಒಂದು ಟ್ವಿಸ್ಟ್ ಕೊಟ್ಟು, ಅಲ್ಲಿವರೆಗೆ ನೋಡಿದ್ದನ್ನೆಲ್ಲ ಸುಳ್ಳು ಮಾಡಿಬಿಡುತ್ತವೆ. ಸಿಟ್ಟು ಬರುತ್ತದೆ. ‘ಅನಾಟಮಿ ಆಫ್ ಎ ಫಾಲ್’ ಎರಡೂವರೆ ಗಂಟೆ ನೋಡಿದೆವು. ಗಂಡ ಹೇಗೆ ಸತ್ತ ಅಂತ ಕೊನೆಗೂ ಹೇಳಲಿಲ್ಲ. ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’ನಲ್ಲಿ ಕೊಲೆ ಮಾಡಿಸುವವನು ಯಾರು ಅಂತ ಬೇಗನೇ ಗೊತ್ತಾಗುತ್ತದೆ. ಆಮೇಲೂ ಗಂಟೆಗಟ್ಟಲೆ ಯಾಕೆ? ‘ದಿ ಝೋನ್ ಆಫ್ ಇಂಟರೆಸ್ಟ್’ಗೆ ಅರ್ಧಕ್ಕೇ ನಿದ್ದೆ ಬಂತು. ಆದರೆ ‘ಪಾಸ್ಟ್ ಲೈವ್ಸ್’ನಲ್ಲೂ ಏನೂ ನಡೆಯುವುದಿಲ್ಲ, ಅದನ್ನು ಮಾತ್ರ ಇಬ್ಬರೂ ಕದಲದೆ ನೋಡಿದೆವು. ಇನ್ನು ಈಗಿನ ಸಿನಿಮಾಗಳಲ್ಲಿ ಪರದೆ ಕತ್ತಲು, ಮಾತು ಕೇಳುವುದಿಲ್ಲ. ಸಿನಿಮಾ ಬಲ್ಲ ಗೆಳೆಯರು ‘ನಿನಗೆ ಅರ್ಥ ಆಗಲ್ಲ ಬಿಡು’ ಅನ್ನುತ್ತಾರೆ. ನನ್ನಂಥವರ ಅಭಿಪ್ರಾಯಕ್ಕೆ ಬೆಲೆ ಇದೆಯಾ? ಇಲ್ಲ, ನಾನು ನೋಡುವ ರೀತಿಯೇ ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಕೆಲಸ ಸಂಕಲನ. ಬೇರೆಯವರು ತೆಗೆದ ದೃಶ್ಯಗಳನ್ನು ಕತ್ತರಿಸಿ ಜೋಡಿಸುವುದು. ಈ ಕೆಲಸದಲ್ಲಿ ನಮಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ನಿಮ್ಮಂಥ ನೋಡುಗರ ಮಾತೇ. ಸಿನಿಮಾ ಬಲ್ಲವರು ನಾವು ಏನು ಮಾಡಲು ಹೊರಟಿದ್ದೆವು ಅನ್ನುವುದನ್ನು ಊಹಿಸಿ, ಅದನ್ನೇ ನೋಡಿಬಿಡುತ್ತಾರೆ. ನೀವು ಪರದೆಯ ಮೇಲೆ ಇರುವುದನ್ನು ಮಾತ್ರ ನೋಡುತ್ತೀರಿ. ‘ಇಲ್ಲಿ ಬೇಜಾರಾಯ್ತು’ ಅಂತ ನೀವು ಹೇಳಿದರೆ ಅಲ್ಲಿ ನಿಜವಾಗಿಯೂ ಏನೋ ಆಗಿದೆ. ಅದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ.

ಆದರೆ ಒಂದು ಮಾತಿದೆ. ‘ದಿ ಕಾನ್ವರ್ಸೇಶನ್’, ‘ಅಪೋಕಲಿಪ್ಸ್ ನೌ’ ಸಿನಿಮಾಗಳಿಗೆ ಕೆಲಸ ಮಾಡಿದ ವಾಲ್ಟರ್ ಮರ್ಚ್ ಸಂಕಲನದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಹೇಳುತ್ತಾನೆ. ರೋಗಿ ಬಂದು ಮೊಣಕೈ ನೋವು ಅನ್ನುತ್ತಾನೆ. ವೈದ್ಯ ನೋಡಿದರೆ ನರ ಹಿಡಿದಿರುವುದು ಭುಜದಲ್ಲಿ. ಮೊಣಕೈಗೆ ಚಿಕಿತ್ಸೆ ಮಾಡಿದರೆ ನೋವು ಹೋಗುವುದಿಲ್ಲ. ನೋಡುಗರ ದೂರೂ ಹಾಗೆಯೇ. ನೋವು ನಿಜ. ಆದರೆ ನೋವಿನ ಬೇರು ಬೇರೆ ಕಡೆ ಇರಬಹುದು.

ನನಗೆ ಇದು ಕೆಲಸ ಮಾಡುತ್ತಾ ಅರ್ಥವಾದ ಪಾಠ. ಒಂದು ಸಿನಿಮಾದ ಕಚ್ಚಾ ಪ್ರತಿಯನ್ನು ಇಪ್ಪತ್ತು ಜನರಿಗೆ ತೋರಿಸಿದ್ದೆವು. ಬಹುತೇಕ ಎಲ್ಲರೂ ‘ಕ್ಲೈಮ್ಯಾಕ್ಸ್ ಉದ್ದ ಆಯ್ತು’ ಅಂತ ಬರೆದುಕೊಟ್ಟರು. ನಾನು ಕ್ಲೈಮ್ಯಾಕ್ಸಿನಲ್ಲಿ ನಾಲ್ಕು ನಿಮಿಷ ತೆಗೆದೆ. ಮತ್ತೆ ತೋರಿಸಿದೆವು. ಮತ್ತೆ ಅದೇ ಮಾತು. ಆಮೇಲೆ ಕೂತು ಯೋಚನೆ ಮಾಡಿದಾಗ ಹೊಳೆಯಿತು. ಶುರುವಿನ ಅರ್ಧ ಗಂಟೆಯೊಳಗೆ ಅಣ್ಣ ತಂಗಿ ಜಗಳ ಆಡುವ ಒಂದು ಸಣ್ಣ ದೃಶ್ಯವಿತ್ತು. ವೇಗ ಸಾಲದು ಅಂತ ನಾನೇ ಅದನ್ನು ಕಿತ್ತುಹಾಕಿದ್ದೆ. ಅದಿಲ್ಲದೆ ಕೊನೆಯಲ್ಲಿ ತಂಗಿ ಯಾಕೆ ಹಾಗೆ ಓಡುತ್ತಾಳೆ ಅನ್ನುವುದು ಯಾರಿಗೂ ಮನಸ್ಸಿಗೆ ತಾಗುತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ಓಟ ಎಷ್ಟು ಚಿಕ್ಕದಾದರೂ ಉದ್ದವೇ. ಆ ದೃಶ್ಯವನ್ನು ವಾಪಸ್ ಹಾಕಿದೆ. ಕ್ಲೈಮ್ಯಾಕ್ಸಿನಿಂದ ತೆಗೆದಿದ್ದ ನಾಲ್ಕು ನಿಮಿಷವನ್ನೂ ವಾಪಸ್ ಹಾಕಿದೆ. ಆಮೇಲೆ ಯಾರೂ ಉದ್ದ ಅನ್ನಲಿಲ್ಲ.

ಹಾಗಾಗಿ ನಿಮ್ಮ ಒಂದೊಂದು ಮಾತನ್ನೂ ನಾನು ಅದೇ ರೀತಿ ತೆಗೆದುಕೊಳ್ಳುತ್ತೇನೆ. ನೋವು ಎಲ್ಲಿ, ನರ ಎಲ್ಲಿ?

ಟ್ವಿಸ್ಟ್ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಈ ಸಿಟ್ಟು ನಿಮ್ಮೊಬ್ಬರದ್ದಲ್ಲ, ಇವತ್ತಿನದ್ದೂ ಅಲ್ಲ. 1929ರಲ್ಲೇ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನ ಕಣ್ಣಿಗೂ ಬೀಳಲೇಬೇಕು ಅನ್ನುವುದು ಅದರಲ್ಲಿ ಒಂದು. ಆತ ಕೇಳಿದ್ದು ನ್ಯಾಯ. ನೀವು ಕೇಳುತ್ತಿರುವುದೂ ಅದನ್ನೇ.

ಟ್ವಿಸ್ಟ್‌ನಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಎಲ್ಲವೂ ನಮ್ಮ ಕಣ್ಣೆದುರೇ ಇತ್ತು, ನಾವು ತಪ್ಪಾಗಿ ಓದಿಕೊಂಡೆವು. ಇನ್ನೊಂದರಲ್ಲಿ ನಮಗೆ ತೋರಿಸಲೇ ಇಲ್ಲ, ಕೊನೆಗೆ ಜೇಬಿನಿಂದ ತೆಗೆದು ಇಟ್ಟರು. ಮೊದಲನೆಯದಕ್ಕೆ 1999ರ ‘ದಿ ಸಿಕ್ಸ್ತ್ ಸೆನ್ಸ್’ ಒಳ್ಳೆಯ ಉದಾಹರಣೆ. ಕೊನೆ ಗೊತ್ತಾದ ಮೇಲೆ ಎರಡನೇ ಸಲ ನೋಡಿ. ಒಂದು ದೃಶ್ಯವೂ ಸುಳ್ಳು ಹೇಳಿಲ್ಲ. ಮೊದಲ ಸಲ ಊಟದ ಟೇಬಲ್ಲಿನಲ್ಲಿ ಗಂಡ ಹೆಂಡತಿಯ ಮುನಿಸು ಅಂತ ಕಂಡದ್ದು ಎರಡನೇ ಸಲ ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ನಮಗೆ ಸಿಟ್ಟು ಬರುವುದಿಲ್ಲ, ‘ಅಯ್ಯೋ, ನಾನೇ ನೋಡಲಿಲ್ಲವಲ್ಲ’ ಅನಿಸುತ್ತದೆ.

ಎರಡನೆಯ ಬಗೆಯಲ್ಲಿ ದೊಡ್ಡವರೂ ಜಾರಿಬಿದ್ದಿದ್ದಾರೆ. ಥ್ರಿಲ್ಲರ್‌ಗಳಿಗೇ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1950ರ ‘ಸ್ಟೇಜ್ ಫ್ರೈಟ್’ನ ಶುರುವಿನಲ್ಲೇ ಒಂದು ಫ್ಲ್ಯಾಶ್‌ಬ್ಯಾಕ್ ತೋರಿಸಿದ. ಕೊನೆಯಲ್ಲಿ ನೋಡಿದರೆ ಆ ಫ್ಲ್ಯಾಶ್‌ಬ್ಯಾಕೇ ಸುಳ್ಳು. ಪಾತ್ರ ಬಾಯಲ್ಲಿ ಸುಳ್ಳು ಹೇಳಿದರೆ ಜನ ಒಪ್ಪುತ್ತಾರೆ. ಆದರೆ ಕ್ಯಾಮೆರಾ ತೋರಿಸಿದ್ದನ್ನು ಜನ ಕಣ್ಣಾರೆ ಕಂಡದ್ದು ಅಂತ ನಂಬುತ್ತಾರೆ. ಆ ನಂಬಿಕೆ ಮುರಿದದ್ದಕ್ಕೆ ಆಗ ಜನ ಸಿಟ್ಟಾದರು. ಹಾಗೆ ಮಾಡಬಾರದಿತ್ತು ಅಂತ ಹಿಚ್‌ಕಾಕ್ ಮುಂದೆ ತಾನೇ ಒಪ್ಪಿಕೊಂಡ.

ಈಚಿನ ಥ್ರಿಲ್ಲರ್‌ಗಳಲ್ಲಿ ನನಗೆ ಜಾಸ್ತಿ ಬೇಸರ ತರಿಸುವುದು ಇನ್ನೊಂದು ಚಾಳಿ. ಸಿನಿಮಾ ಪೂರ್ತಿ ನಾವು ಒಬ್ಬ ಪಾತ್ರದ ಹೆಗಲ ಮೇಲೇ ಕೂತಿರುತ್ತೇವೆ. ಅವಳು ಹೆದರಿದರೆ ನಾವೂ ಹೆದರುತ್ತೇವೆ. ಒಬ್ಬಳೇ ಕೋಣೆಯಲ್ಲಿ ಕೂತು ಅಳುವಾಗಲೂ ಪಕ್ಕದಲ್ಲಿರುತ್ತೇವೆ. ಕೊನೆಗೆ ನೋಡಿದರೆ ಇಷ್ಟನ್ನೂ ಮಾಡಿಸಿದವಳು ಅವಳೇ. ಹಾಗಿದ್ದರೆ ಯಾರೂ ಇಲ್ಲದ ಕೋಣೆಯಲ್ಲಿ ಅವಳು ಅತ್ತದ್ದು ಯಾರಿಗಾಗಿ? ನಮಗಾಗಿ. ಅಂದರೆ ಕ್ಯಾಮೆರಾಕ್ಕೆ ಸುಳ್ಳು ಹೇಳಿಸಿದಂತೆ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಟ್ವಿಸ್ಟ್ ಮುಗಿದ ಮೇಲೆ ಆ ಪಾತ್ರ ಒಂಟಿಯಾಗಿರುವ ದೃಶ್ಯಗಳನ್ನು ಮಾತ್ರ ನೆನಪು ಮಾಡಿಕೊಳ್ಳಿ. ಅಲ್ಲಿ ಅವಳು ಮಾಡಿದ್ದಕ್ಕೆ ಈಗಲೂ ಅರ್ಥ ಇದೆಯಾ? ಇದ್ದರೆ ಟ್ವಿಸ್ಟ್ ನ್ಯಾಯದ್ದು. ಇಲ್ಲದಿದ್ದರೆ ನಿಮ್ಮ ಸಿಟ್ಟು ನ್ಯಾಯದ್ದು.

ಆ ಹತ್ತು ನಿಮಿಷ ಇಡೀ ಸಿನಿಮಾವನ್ನು ಯಾಕೆ ಕೆಡಿಸುತ್ತದೆ ಅನ್ನುವುದಕ್ಕೂ ಕಾರಣ ಇದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸಲ ಜನರು ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆದರೆ ಆ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ತರುತ್ತಾರೆ. ಮತ್ತೆ ಯಾವುದನ್ನು ಮಾಡುತ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಸ್ವಲ್ಪ ಹಿತವಾಗಿತ್ತಲ್ಲ, ಅದಕ್ಕೆ. ನೆನಪಿನಲ್ಲಿ ಒಟ್ಟು ಹೊತ್ತಿಗಿಂತ ತೀವ್ರವಾದ ಗಳಿಗೆಗೆ ಮತ್ತು ಕೊನೆಗೆ ತೂಕ ಜಾಸ್ತಿ. ನೂರು ನಿಮಿಷ ಚೆನ್ನಾಗಿ ಓಡಿದ ಥ್ರಿಲ್ಲರ್ ಕೊನೆಯಲ್ಲಿ ಕೈಕೊಟ್ಟರೆ ಮನಸ್ಸಿನಲ್ಲಿ ಉಳಿಯುವುದು ಆ ಕೊನೆಯೇ. ಅದು ನಿಮ್ಮ ಅಸಹನೆ ಅಲ್ಲ, ಎಲ್ಲರ ತಲೆಯೂ ಹಾಗೆಯೇ ಕೆಲಸ ಮಾಡುತ್ತದೆ.

ಈಗ ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಆಡುತ್ತೇನೆ.

ಅಮೆರಿಕದ ಓಕ್ಲಹೋಮಾದಲ್ಲಿ ಒಸೇಜ್ ಎಂಬ ಮೂಲನಿವಾಸಿ ಜನರ ನೆಲದಡಿ ಎಣ್ಣೆ ಸಿಕ್ಕಿತ್ತು. 1920ರ ದಶಕದಲ್ಲಿ ಅದರ ಹಣಕ್ಕಾಗಿ ಅವರನ್ನು ಒಬ್ಬೊಬ್ಬರನ್ನೇ ಕೊಂದದ್ದು ನಡೆದ ಸಂಗತಿ. ಅದರ ಬಗ್ಗೆ ಡೇವಿಡ್ ಗ್ರಾನ್ 2017ರಲ್ಲಿ ತಂದ ಪುಸ್ತಕ ತನಿಖೆಯ ಜಾಡಿನಲ್ಲಿ ಸಾಗುತ್ತದೆ. ಯಾರು ಮಾಡಿದ್ದು ಅನ್ನುವುದು ಓದುಗನಿಗೆ ತಡವಾಗಿ ತಿಳಿಯುತ್ತದೆ. ಸಿನಿಮಾವೂ ಮೊದಲು ಹಾಗೆಯೇ ಆಗಬೇಕಿತ್ತು. ಲಿಯೊನಾರ್ಡೊ ಡಿಕಾಪ್ರಿಯೊ ತನಿಖಾಧಿಕಾರಿಯ ಪಾತ್ರ ಮಾಡಬೇಕಿತ್ತು. ಆಮೇಲೆ ನಿರ್ದೇಶಕ ಮಾರ್ಟಿನ್ ಸ್ಕೋರ್ಸೇಸಿ ಚಿತ್ರಕಥೆಯನ್ನೇ ತಿರುಗಿಸಿದರು. ಡಿಕಾಪ್ರಿಯೊ ಅಧಿಕಾರಿಯ ಬದಲು ಅರ್ನೆಸ್ಟ್ ಆದರು. ಒಸೇಜ್ ಹೆಂಗಸು ಮಾಲಿಯನ್ನು ಮದುವೆಯಾಗಿ, ಅವಳ ಮನೆಯವರನ್ನು ಕೊಲ್ಲುವ ಸಂಚಿನಲ್ಲಿ ಸೇರಿದ ಗಂಡ.

ಇಷ್ಟು ದೊಡ್ಡ ಬದಲಾವಣೆ ಯಾಕೆ ಮಾಡಿದರು? ಯಾರು ಅನ್ನುವ ಪ್ರಶ್ನೆಯನ್ನು ಅವರು ಬೇಕೆಂದೇ ಬಿಟ್ಟುಕೊಟ್ಟರು, ಅದಕ್ಕಿಂತ ದೊಡ್ಡ ಪ್ರಶ್ನೆ ಕೈಗೆ ಸಿಗಲಿ ಅಂತ. ಇಲ್ಲಿ ಮತ್ತೆ ಹಿಚ್‌ಕಾಕ್ ನೆನಪಾಗುತ್ತಾನೆ. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸುವಾ ತ್ರುಫೊ ಅವನ ಜೊತೆ ಕೂತು ದಿನಗಟ್ಟಲೆ ಮಾತಾಡಿದ. ಆ ಮಾತುಕತೆಯಲ್ಲಿ ಹಿಚ್‌ಕಾಕ್ ಕೊಟ್ಟ ಮೇಜಿನ ಉದಾಹರಣೆಯನ್ನು ನಮ್ಮ ಕೆಲಸದವರು ಇವತ್ತಿಗೂ ಮರೆತಿಲ್ಲ. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗೆ ಬಾಂಬ್ ಸಿಡಿಯುತ್ತದೆ. ನೋಡುಗನಿಗೆ ಸಿಕ್ಕಿದ್ದು 15 ಸೆಕೆಂಡಿನ ಬೆಚ್ಚು. ಅದೇ ಬಾಂಬನ್ನು ಇಡುವುದನ್ನು ಮೊದಲೇ ತೋರಿಸಿ, ಒಂದು ಗಂಟೆಗೆ ಸಿಡಿಯುತ್ತದೆ ಅಂತ ತಿಳಿಸಿ, ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು ತೋರಿಸಿ. ಅದೇ ಹರಟೆ ಈಗ 15 ನಿಮಿಷದ ಸಂಕಟ ಆಗುತ್ತದೆ. ‘ಸಾಕು ಮಾತು, ಎದ್ದು ಓಡಿ’ ಅಂತ ಕೂಗಬೇಕು ಅನಿಸುತ್ತದೆ, ಅಲ್ವಾ?

ಮಾಲಿಗೆ ಸಕ್ಕರೆ ಕಾಯಿಲೆ. ಗಂಡ ದಿನವೂ ಅವಳಿಗೆ ಇನ್ಸುಲಿನ್ ಚುಚ್ಚುತ್ತಾನೆ. ಅದರಲ್ಲಿ ಬೇರೆ ಏನೋ ಬೆರೆಯುತ್ತಿದೆ ಅಂತ ನಮಗೆ ಗೊತ್ತು. ಆ ಸೂಜಿಯೇ ಮೇಜಿನ ಕೆಳಗಿನ ಬಾಂಬ್. ಅವಳಿಗೆ ಯಾವಾಗ ಗೊತ್ತಾಗುತ್ತದೆ? ಅವನು ತನಗೆ ತಾನೇ ಏನು ಹೇಳಿಕೊಳ್ಳುತ್ತಿದ್ದಾನೆ? ಪ್ರೀತಿಸುತ್ತಲೇ ವಿಷ ಕೊಡುವುದು ಒಬ್ಬ ಮನುಷ್ಯನಿಗೆ ಹೇಗೆ ಸಾಧ್ಯ? ಕೊನೆಯಲ್ಲಿ ಅವಳು ಎದುರು ಕೂತು, ಸೂಜಿಯಲ್ಲಿ ಏನಿತ್ತು ಅಂತ ಕೇಳುತ್ತಾಳಲ್ಲ, ಇಡೀ ಸಿನಿಮಾ ಓಡುವುದು ಆ ಒಂದು ಪ್ರಶ್ನೆಯ ಕಡೆಗೆ. ನೀವು ‘ಯಾರು’ ಅನ್ನುವ ಪ್ರಶ್ನೆ ಹಿಡಿದುಕೊಂಡು ಕೂತಿರಿ. ಅದಕ್ಕೆ ಬೇಗ ಉತ್ತರ ಸಿಕ್ಕಿತು. ಉಳಿದ ಹೊತ್ತು ಖಾಲಿ ಅನಿಸಿತು.

ಹಾಗಂತ 206 ನಿಮಿಷವೂ ಬೇಕಿತ್ತು ಅಂತ ನಾನು ಹೇಳುವುದಿಲ್ಲ. ಅದರ ಸಂಕಲನಕಾರ್ತಿ ಥೆಲ್ಮಾ ಸ್ಕೂನ್‌ಮೇಕರ್ ಬಗ್ಗೆ ನನಗೆ ತುಂಬಾ ಗೌರವ. ಅವರ ಕೆಲಸ ನೋಡಿಯೇ ನಾನು ಎಷ್ಟೋ ಕಲಿತಿದ್ದೇನೆ. ಆದರೂ ನಡುವಿನ ಭಾಗದಲ್ಲಿ ಒಂದು ಕೊಲೆಯಿಂದ ಇನ್ನೊಂದು ಕೊಲೆಗೆ ಹೋಗುವಾಗ ಮಾಲಿ ನಮ್ಮ ಕಣ್ಣಿನಿಂದ ಮರೆಯಾಗುತ್ತಾಳೆ. ಅವಳಿಲ್ಲದ ಹೊತ್ತು ನನಗೂ ಭಾರವಾಯಿತು. ನಿಮಗೆ ಉದ್ದ ಅನಿಸಿದ್ದು ಅಲ್ಲೇ ಇರಬಹುದು. ಒಂದು ಸಲ ನೆನಪು ಮಾಡಿಕೊಂಡು ನೋಡಿ.

ಉದ್ದದ ಬಗ್ಗೆ ಇಷ್ಟೇ. ಮನಸ್ಸಿನಲ್ಲಿ ಒಂದು ಪ್ರಶ್ನೆ ನಿಂತಿದ್ದರೆ ಮೂರು ಗಂಟೆಯೂ ಸಾಗುತ್ತದೆ. ಪ್ರಶ್ನೆ ಇಲ್ಲದಿದ್ದರೆ ಐದು ನಿಮಿಷವೂ ಸಾಗುವುದಿಲ್ಲ. ‘ಓಪನ್‌ಹೈಮರ್’ 180 ನಿಮಿಷ. ಅದರಲ್ಲಿ ಬಹುಪಾಲು ಜನ ಕೋಣೆಯಲ್ಲಿ ಕೂತು ಮಾತಾಡುವುದೇ. 2024ರ ‘ದಿ ಬ್ರೂಟಲಿಸ್ಟ್’ 215 ನಿಮಿಷ. ಅದರ ನಡುವೆ 15 ನಿಮಿಷದ ವಿರಾಮವನ್ನು ಸಿನಿಮಾದ ಒಳಗೇ ಸೇರಿಸಿದ್ದಾರೆ. ಮನೆಯಲ್ಲಿ ನೋಡುವಾಗ ನೀವೂ ಹಾಗೆ ಎದ್ದು ಓಡಾಡಿ ಬಂದರೆ ತಪ್ಪೇನಿಲ್ಲ. ಆದರೆ ಒಂದು ದೃಶ್ಯ ಮುಗಿದ ಮೇಲೆ ಏಳಿ. ನಡುವೆ ನಿಲ್ಲಿಸಿದರೆ ಸಿನಿಮಾ ಕಟ್ಟಿದ ಬಿಗಿ ಸಡಿಲವಾಗುತ್ತದೆ.

‘ಅನಾಟಮಿ ಆಫ್ ಎ ಫಾಲ್’ ನನಗೆ ತುಂಬಾ ಹತ್ತಿರದ ಸಿನಿಮಾ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಜಸ್ಟೀನ್ ತ್ರಿಯೇ ನಿರ್ದೇಶಿಸಿದ ಇದಕ್ಕೆ 2023ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಬಂತು, ಮುಂದಿನ ವರ್ಷ ಮೂಲ ಚಿತ್ರಕಥೆಗೆ ಆಸ್ಕರ್ ಬಂತು. ಆದರೆ ಪ್ರಶಸ್ತಿ ತೋರಿಸಿ ನಿಮ್ಮ ಬಾಯಿ ಮುಚ್ಚಿಸುವುದು ನನಗೆ ಬೇಡ. ನೀವು ಹೇಳಿದ ನೋವನ್ನೇ ಹಿಡಿದು ಹೋಗೋಣ.

ಗಂಡ ಮೇಲಿಂದ ಬಿದ್ದು ಸತ್ತಿದ್ದಾನೆ. ತಾನೇ ಹಾರಿದನಾ, ಹೆಂಡತಿ ತಳ್ಳಿದಳಾ? ಹೇಳಲಿಲ್ಲ ಅಂತ ನಿಮಗೆ ಸಿಟ್ಟು. ಈಗ ಆ ಜಗಳದ ದೃಶ್ಯ ನೆನಪಿಸಿಕೊಳ್ಳಿ. ಸಾಯುವ ಹಿಂದಿನ ದಿನ ಗಂಡ ಹೆಂಡತಿ ಜಗಳ ಆಡಿದ್ದನ್ನು ಗಂಡನೇ ಗುಟ್ಟಾಗಿ ರೆಕಾರ್ಡ್ ಮಾಡಿದ್ದ. ಕೋರ್ಟಿನಲ್ಲಿ ಅದನ್ನು ಕೇಳಿಸುತ್ತಾರೆ. ಧ್ವನಿ ಶುರುವಾದ ಸ್ವಲ್ಪ ಹೊತ್ತಿಗೆ ಸಿನಿಮಾ ನಮ್ಮನ್ನು ಅವರ ಅಡುಗೆಮನೆಗೇ ಕರೆದೊಯ್ಯುತ್ತದೆ. ಮುಖ ಕಾಣುತ್ತದೆ, ಕೈ ಕಾಣುತ್ತದೆ. ಒಂದೊಂದು ಮಾತೂ ಚುಚ್ಚುತ್ತದೆ. ಜಗಳ ಏರುತ್ತಾ ಹೋಗುತ್ತದೆ. ಸರಿಯಾಗಿ ಕೈ ಮಿಲಾಯಿಸುವ ಗಳಿಗೆಗೆ ದೃಶ್ಯ ಕತ್ತರಿಸಿ ವಾಪಸ್ ಕೋರ್ಟಿಗೆ ಬರುತ್ತದೆ. ಈಗ ಸದ್ದು ಮಾತ್ರ. ಏನೋ ಒಡೆದ ಸದ್ದು, ಹೊಡೆದ ಸದ್ದು. ಯಾರು ಯಾರಿಗೆ ಹೊಡೆದರು ಕಾಣುವುದಿಲ್ಲ. ಸುತ್ತ ಕೂತವರ ಮುಖಗಳು ಮಾತ್ರ.

ಆ ಒಂದು ಕತ್ತರಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆ ಗಳಿಗೆಯಲ್ಲಿ ಸಿನಿಮಾ ನಿಮಗೆ ನೇರವಾಗಿ ಹೇಳಿಬಿಟ್ಟಿದೆ, ನಿಮಗೂ ಇಷ್ಟೇ ಸಿಗುವುದು ಅಂತ. ಕೋರ್ಟಿನವರಿಗೆ ಸಿಕ್ಕಷ್ಟೇ. ಅಲ್ಲಿವರೆಗೆ ನಾವು ಎಲ್ಲಿ ಬೇಕಾದರೂ ಹೋಗಿ ನೋಡಬಲ್ಲೆವು ಅಂದುಕೊಂಡಿದ್ದೆವು. ಇನ್ನು ಸಾಧ್ಯವಿಲ್ಲ.

ಹಾಗಾದರೆ ಸಿನಿಮಾದ ಪ್ರಶ್ನೆ ಯಾವುದು? ಅವರ ಮಗನನ್ನು ನೋಡಿ. ಹನ್ನೊಂದು ವರ್ಷದ ಹುಡುಗ, ಕಣ್ಣು ಸರಿಯಾಗಿ ಕಾಣದು. ಅಪ್ಪ ಸತ್ತಿದ್ದಾನೆ, ಅಮ್ಮ ಕಟಕಟೆಯಲ್ಲಿದ್ದಾಳೆ. ಏನಾಯಿತು ಅಂತ ತಿಳಿಯಲು ಅವನಿಗೆ ಯಾವ ದಾರಿಯೂ ಇಲ್ಲ. ಆದರೂ ನಾಳೆ ಬೆಳಿಗ್ಗೆ ಯಾವುದೋ ಒಂದನ್ನು ನಂಬಿಕೊಂಡು ಅವನು ಬದುಕಬೇಕು. ಅವನನ್ನು ನೋಡಿಕೊಳ್ಳಲು ಕೋರ್ಟು ಕಳಿಸಿದ ಹೆಂಗಸು ಅವನಿಗೆ ಹೇಳುವುದೂ ಇದನ್ನೇ. ತಿಳಿಯಲು ಆಗದಿದ್ದಾಗ ನಾವೇ ತೀರ್ಮಾನ ಮಾಡಬೇಕಾಗುತ್ತದೆ. ಸಿನಿಮಾದ ನಿಜವಾದ ಪ್ರಶ್ನೆ ಹುಡುಗ ಏನು ತೀರ್ಮಾನಿಸುತ್ತಾನೆ ಅನ್ನುವುದು. ಅದಕ್ಕೆ ಉತ್ತರ ಸಿಗುತ್ತದೆ, ಸ್ಪಷ್ಟವಾಗಿಯೇ ಸಿಗುತ್ತದೆ. ಗಂಡ ಹೇಗೆ ಸತ್ತ ಅಂತ ತೋರಿಸಿಬಿಟ್ಟಿದ್ದರೆ ಆ ಹುಡುಗನ ಕಷ್ಟ ನಮಗೆ ದೂರದ ಕಷ್ಟ ಆಗುತ್ತಿತ್ತು. ಈಗ ನಿಮ್ಮ ಸಿಟ್ಟು ಇದೆಯಲ್ಲ, ‘ಹೇಳಿಬಿಡಿ, ಗೊತ್ತಾಗದೆ ಇರಲು ಆಗುತ್ತಿಲ್ಲ’ ಅನ್ನುವ ಸಿಟ್ಟು, ಅದು ಆ ಹುಡುಗನದೇ. ನೀವು ಆ ಸಿನಿಮಾವನ್ನು ಚೆನ್ನಾಗಿಯೇ ನೋಡಿದ್ದೀರಿ. ನಿಮ್ಮ ಗೆಳೆಯರು ಏನೇ ಹೇಳಲಿ.

ಇದೂ ಟ್ವಿಸ್ಟ್ ಮೋಸವೂ ಬೇರೆ ಬೇರೆ ಅಂತ ಈಗ ಕಾಣುತ್ತಿರಬಹುದು. ಅಲ್ಲಿ ಸಿನಿಮಾಕ್ಕೆ ಗೊತ್ತಿತ್ತು, ನಿಮ್ಮಿಂದ ಬಚ್ಚಿಟ್ಟಿತು. ಇಲ್ಲಿ ಪಾತ್ರಗಳಿಗೆ ಗೊತ್ತಿಲ್ಲದ್ದು ನಿಮಗೂ ಗೊತ್ತಿಲ್ಲ. ಒಂದು ಪಾತ್ರಕ್ಕೆ ಮಾತ್ರ ಗೊತ್ತು, ನಿಜ. ಆದರೆ ನಾವು ಯಾವತ್ತೂ ಅವಳ ಹೆಗಲ ಮೇಲೆ ಕೂತಿರಲಿಲ್ಲ. ಮೊದಲ ದೃಶ್ಯದಿಂದಲೇ ಸಿನಿಮಾ ನಮ್ಮನ್ನು ಅವಳಿಂದ ಒಂದು ಮಾರು ದೂರದಲ್ಲೇ ನಿಲ್ಲಿಸಿತ್ತು.

‘ಪಾಸ್ಟ್ ಲೈವ್ಸ್’ ಯಾಕೆ ಹಿಡಿಸಿತು ಅನ್ನುವುದರ ಉತ್ತರ ಅದರ ಮೊದಲ ನಿಮಿಷದಲ್ಲೇ ಇದೆ. ಒಂದು ಬಾರ್, ತಡರಾತ್ರಿ. ಒಬ್ಬ ಹೆಂಗಸು, ಇಬ್ಬರು ಗಂಡಸರು. ದೂರದಿಂದ ಯಾರೋ ಅಪರಿಚಿತರು ಅವರನ್ನು ನೋಡುತ್ತಾ ಊಹೆ ಮಾಡುತ್ತಿದ್ದಾರೆ. ಈ ಮೂವರೂ ಒಬ್ಬರಿಗೊಬ್ಬರು ಏನಾಗಬೇಕು? ಊಹಿಸುವವರ ಮುಖ ನಮಗೆ ಕಾಣುವುದಿಲ್ಲ, ದನಿ ಮಾತ್ರ. ಹೆಂಗಸು ನಿಧಾನಕ್ಕೆ ತಿರುಗಿ ನೇರ ನಮ್ಮ ಕಡೆ ನೋಡುತ್ತಾಳೆ. ಅಲ್ಲಿಂದ ಕಥೆ 24 ವರ್ಷ ಹಿಂದಕ್ಕೆ ಹೋಗುತ್ತದೆ.

ಪ್ರಶ್ನೆ ಇಟ್ಟಾಯಿತು ನೋಡಿ. ಪತ್ತೇದಾರಿ ಕಥೆ ಶುರುವಾಗುವುದೂ ಹೀಗೆಯೇ. ಇಲ್ಲಿ ಹೆಣ ಇಲ್ಲ, ಕೊಲೆ ಇಲ್ಲ, ಅಷ್ಟೇ ವ್ಯತ್ಯಾಸ. ಬಾಲ್ಯದ ಗೆಳೆಯ, ಈಗಿನ ಗಂಡ, ನಡುವೆ ಅವಳು. ಆ ಬಾರಿಗೆ ಮತ್ತೆ ಬರುವ ಹೊತ್ತಿಗೆ ನಿಮಗೆ ಉತ್ತರ ಗೊತ್ತು, ಆದರೆ ಹೊಸದೊಂದು ಭಯ ಕೂತಿದೆ. ಕೊನೆಯಲ್ಲಿ ಅವರಿಬ್ಬರು ಬೀದಿಯಲ್ಲಿ ಕಾರಿಗಾಗಿ ಕಾಯುತ್ತಾ ಸುಮ್ನೆ ನಿಲ್ಲುತ್ತಾರಲ್ಲ, ಮಾತಿಲ್ಲ. ಅದು ಮೇಜಿನ ಕೆಳಗೆ ಬಾಂಬ್ ಇಟ್ಟಂತೆಯೇ. ಕಾರು ಬರುವುದರೊಳಗೆ ಏನಾದರೂ ಆಗಬಹುದು. ‘ಏನೂ ನಡೆಯಲ್ಲ’ ಅಂದಿರಿ. ನಿಮ್ಮ ಮೈ ಮಾತ್ರ ಅದನ್ನು ಥ್ರಿಲ್ಲರ್ ಅಂತಲೇ ನೋಡಿದೆ. ನಿರ್ದೇಶಕಿ ಸೆಲೀನ್ ಸಾಂಗ್ ಅವರ ಮೊದಲ ಸಿನಿಮಾ ಇದು. ಗಂಡನ ಪಾತ್ರ ಮಾಡಿದ ನಟ ಮತ್ತು ಬಾಲ್ಯದ ಗೆಳೆಯನಾದ ನಟ ಎದುರಾಗುವ ದೃಶ್ಯದ ಚಿತ್ರೀಕರಣದ ತನಕ ಇಬ್ಬರೂ ಭೇಟಿಯಾಗದಂತೆ ಅವರು ನೋಡಿಕೊಂಡಿದ್ದರು. ಆ ಮೊದಲ ನೋಟದ ಮುಜುಗರ ಪರದೆಯ ಮೇಲೆ ಇದೆ.

ಅಂದರೆ ಡ್ರಾಮಾ ಬೇರೆ, ಥ್ರಿಲ್ಲರ್ ಬೇರೆ ಅಂತ ನಾವು ಮಾಡಿಕೊಂಡ ಗೋಡೆ ಅಷ್ಟು ಗಟ್ಟಿ ಇಲ್ಲ. ಜಾಹೀರಾತು ಮಾಡುವವರಿಗೆ ಮಾತ್ರ ಅದು ಬೇಕು. ಅದರಿಂದ ತೊಂದರೆಯೂ ಆಗುತ್ತದೆ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಅಂತ ಒಂದು ಸಂಸ್ಥೆ, ಬಿಡುಗಡೆಯ ರಾತ್ರಿಯೇ ನೋಡಿ ಹೊರಬರುವವರ ಕೈಯಲ್ಲಿ ಅಂಕ ಹಾಕಿಸುತ್ತದೆ. 2002ರ ‘ಸೊಲಾರಿಸ್’, 2017ರ ‘ಮದರ್!’ ಎರಡಕ್ಕೂ ಅದರಲ್ಲಿ ತೀರಾ ಕೆಳಗಿನ ಎಫ್ ಬಂತು. ಎರಡನ್ನೂ ಮೆಚ್ಚಿದ ವಿಮರ್ಶಕರು ಇದ್ದರು. ನನಗನಿಸುವುದು, ಆ ಜನ ಟಿಕೆಟ್ ಕೊಂಡದ್ದು ಒಂದಕ್ಕೆ, ಒಳಗೆ ಸಿಕ್ಕಿದ್ದು ಇನ್ನೊಂದು. ಹಾಗೆ ಆದಾಗ ಬರುವ ಸಿಟ್ಟು ಸಿನಿಮಾದ ಮೇಲಿನದಲ್ಲ, ಟ್ರೇಲರ್ ಮೇಲಿನದು. ನೀವು ಸಿಟ್ಟಾದಾಗ ಇದನ್ನೂ ಒಮ್ಮೆ ಕೇಳಿಕೊಳ್ಳಿ. ನನಗೆ ಮಾತು ಕೊಟ್ಟವರು ಯಾರು?

‘ದಿ ಝೋನ್ ಆಫ್ ಇಂಟರೆಸ್ಟ್’ಗೆ ನಿದ್ದೆ ಬಂದದ್ದು ಯಾಕೆ ಅಂತ ನಿಮ್ಮ ಪತ್ರದ ಕೊನೆಯ ದೂರಿನಲ್ಲೇ ಸುಳಿವಿದೆ. ಟಿವಿಯಲ್ಲಿ ಮಾತು ಕೇಳುವುದಿಲ್ಲ ಅಂದಿದ್ದೀರಿ. ಮಾತೇ ಕೇಳದಿದ್ದರೆ ಆ ಸಿನಿಮಾದ ಮುಕ್ಕಾಲು ಪಾಲು ನಿಮಗೆ ಸಿಕ್ಕೇ ಇಲ್ಲ. ಜೊನಾಥನ್ ಗ್ಲೇಜರ್ ತೆಗೆದ ಆ ಸಿನಿಮಾದಲ್ಲಿ ಎರಡು ಸಿನಿಮಾ ಇದೆ. ಕಣ್ಣಿಗೆ ಕಾಣುವುದು ಒಂದು ಸಂಸಾರ. ಹೂವಿನ ತೋಟ, ಮಕ್ಕಳು, ನೆಂಟರು. ಮನೆಯ ಗೋಡೆಯ ಆಚೆ ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಆಷ್‌ವಿಟ್ಜ್ ಶಿಬಿರ. ಮನೆಯ ಯಜಮಾನ ಆ ಶಿಬಿರದ ಮುಖ್ಯಸ್ಥ ರುಡಾಲ್ಫ್ ಹೋಸ್. ಗೋಡೆಯ ಆಚೆ ಏನು ನಡೆಯುತ್ತಿದೆ ಅಂತ ಒಂದು ಸಲವೂ ತೋರಿಸುವುದಿಲ್ಲ. ಕೇಳಿಸುತ್ತದೆ. ದೂರದ ಗುಂಡು, ಕೂಗು, ನಾಯಿ, ಬಿಡದೆ ಮೊರೆಯುವ ಕುಲುಮೆಯ ಸದ್ದು. ತೋಟದಲ್ಲಿ ಅಮ್ಮ ಮಗುವಿಗೆ ಹೂವು ತೋರಿಸುವಾಗಲೂ ಅದು ನಿಲ್ಲುವುದಿಲ್ಲ. ಆ ಸಿನಿಮಾಕ್ಕೆ ಧ್ವನಿಗಾಗಿ ಆಸ್ಕರ್ ಬಂದದ್ದು ಅದಕ್ಕೇ. ಮನೆಯೊಳಗೆ ಹಲವು ಕ್ಯಾಮೆರಾಗಳನ್ನು ಮರೆಯಲ್ಲಿಟ್ಟು, ತಂತ್ರಜ್ಞರೆಲ್ಲ ಹೊರಗೆ ನಿಂತು ಚಿತ್ರೀಕರಣ ಮಾಡಿದರು. ಹಾಗಾಗಿ ಯಾರೂ ನಟಿಸುತ್ತಿರುವಂತೆ ಕಾಣುವುದಿಲ್ಲ. ಸದ್ದು ತಗ್ಗಿಸಿ ನೋಡಿದರೆ ಅದು ನಿಜವಾಗಿಯೂ ಏನೂ ನಡೆಯದ ಸಿನಿಮಾ. ನಿದ್ದೆ ಬಂದದ್ದು ನಿಮ್ಮ ತಪ್ಪಲ್ಲ.

ಇನ್ನು ಕತ್ತಲು ಮತ್ತು ಮಾತು. ಇದು ದೊಡ್ಡ ಮಾತಲ್ಲ, ಸರಿಮಾಡಿಕೊಳ್ಳಬಹುದು. ಚಿತ್ರಮಂದಿರಕ್ಕೆ ಧ್ವನಿ ಜೋಡಿಸುವಾಗ ಪಾತ್ರಗಳ ಮಾತನ್ನು ಬಹುಪಾಲು ನಡುವಿನ ಸ್ಪೀಕರ್‌ಗೆ ಕೊಡುತ್ತೇವೆ. ಮನೆಯ ಟಿವಿಯಲ್ಲಿ ಆ ನಡುವಿನ ಸ್ಪೀಕರ್ ಇರುವುದಿಲ್ಲ. ಎಲ್ಲವೂ ಎರಡು ಪುಟ್ಟ ಸ್ಪೀಕರ್‌ಗಳಿಗೆ ಇಳಿಯುತ್ತದೆ, ಮಾತು ಸಂಗೀತದಡಿ ಮುಳುಗುತ್ತದೆ. ಧ್ವನಿಯ ಸೆಟ್ಟಿಂಗ್‌ನಲ್ಲಿ 5.1 (ಹಲವು ಸ್ಪೀಕರ್‌ಗಳಿಗೆ ಹಂಚಿದ ಧ್ವನಿ) ಅಂತ ಇದ್ದರೆ ಸ್ಟೀರಿಯೋ (ಎರಡೇ ಸ್ಪೀಕರ್‌ನದ್ದು) ಮಾಡಿ ನೋಡಿ. ಮಾತನ್ನು ಎತ್ತಿ ಕೊಡುವ ಆಯ್ಕೆ ಇದ್ದರೆ ಅದನ್ನೂ ಹಾಕಿ. ಇಬ್ಬರಿಗೆ ಎರಡು ಹೆಡ್‌ಫೋನ್ ಆದರೆ ಇನ್ನೂ ಒಳ್ಳೆಯದು. ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ, ನಾನೂ ಹಾಕುತ್ತೇನೆ.

ಚಿತ್ರದ ವಿಷಯಕ್ಕೆ ಬಂದರೆ, ಎದುರಿನ ದೀಪ ಆರಿಸಿ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರಗಳಲ್ಲಿ. ಹಲವು ಟಿವಿಗಳು ನಡುವೆ ತಾವೇ ಚಿತ್ರಗಳನ್ನು ಹುಟ್ಟಿಸಿ ತುಂಬುತ್ತವೆ. ಆಗ ಒಳ್ಳೆಯ ಡ್ರಾಮಾ ಕೂಡ ಅಗ್ಗದ ಧಾರಾವಾಹಿಯಂತೆ ಕಾಣುತ್ತದೆ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಒಂದು ವಿಡಿಯೋ ಮಾಡಿ ಇದನ್ನು ಆಫ್ ಮಾಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಚಿತ್ರದ ಸೆಟ್ಟಿಂಗ್‌ನಲ್ಲಿ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಅಂತ ಇರುವುದನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ. ಇಷ್ಟು ಮಾಡಿದ ಮೇಲೂ ಏನೂ ಕಾಣದಷ್ಟು ಕತ್ತಲಾಗಿದ್ದರೆ ಆ ದೂರು ಸಿನಿಮಾದವರಿಗೇ ಸಲ್ಲಬೇಕು.

ಗೆಳೆಯರ ಮಾತು ನಿಮಗೆ ನೋವು ಮಾಡಿದೆ ಅಂತ ಪತ್ರದಲ್ಲೇ ಕಾಣುತ್ತದೆ. ‘ಅರ್ಥ ಆಗಲ್ಲ ಬಿಡು’ ಅನ್ನುವುದು ಉತ್ತರವೇ ಅಲ್ಲ, ಮಾತು ನಿಲ್ಲಿಸುವ ರೀತಿ. ಅವರ ಜೊತೆ ವಾದ ಮಾಡಬೇಡಿ. ‘ಚೆನ್ನಾಗಿಲ್ಲ’ ಅಂತಲೂ ಹೇಳಬೇಡಿ. ಅದರ ಬದಲು ಜಾಗ ಹೇಳಿ. ‘ಕೋರ್ಟಿಗೆ ಎರಡನೇ ಸಲ ಬಂದಾಗ ನನ್ನ ಕೈ ಫೋನಿಗೆ ಹೋಯ್ತು’ ಅನ್ನಿ. ಆಗ ಅವರೂ ಆ ಜಾಗಕ್ಕೆ ಬಂದು ಮಾತಾಡಬೇಕಾಗುತ್ತದೆ. ನಮ್ಮ ಕೆಲಸದಲ್ಲಿ ನಾವು ಮಾಡುವುದೂ ಇದನ್ನೇ. ಕೈ ಫೋನಿಗೆ ಹೋದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡಿ. ಒಂದು ಗಂಟೆ ಹತ್ತು ನಿಮಿಷ, ಇಷ್ಟು ಸಾಕು. ಸಿನಿಮಾ ಮುಗಿದ ಮೇಲೆ ಅಲ್ಲಿಂದ ಹದಿನೈದು ನಿಮಿಷ ಹಿಂದಕ್ಕೆ ಹೋಗಿ. ಆಗ ನಿಮ್ಮ ಮನಸ್ಸಿನಲ್ಲಿ ಯಾವ ಪ್ರಶ್ನೆ ಇತ್ತು? ಅದಕ್ಕೆ ಅಲ್ಲಿ ಉತ್ತರ ಸಿಕ್ಕಿಬಿಟ್ಟಿತಾ? ಇಲ್ಲ, ಅದನ್ನು ಸಿನಿಮಾವೇ ಮರೆತುಬಿಟ್ಟಿತಾ? ಅಥವಾ ಸಿನಿಮಾ ಬೇರೆ ಪ್ರಶ್ನೆ ಕೇಳುತ್ತಿತ್ತು, ನೀವು ಹಳೆಯದನ್ನೇ ಹಿಡಿದು ಕೂತಿದ್ದಿರಾ? ಮೊದಲ ಎರಡಾದರೆ ತಪ್ಪು ನಮ್ಮಂಥವರದು. ಮೂರನೆಯದಾದರೆ ಆ ಸಿನಿಮಾಕ್ಕೆ ಇನ್ನೊಂದು ಅವಕಾಶ ಕೊಡಿ.

ಹೆಂಡತಿಯವರಿಗೂ ಒಂದು ಚೀಟಿ ಕೊಡಿ. ಇಬ್ಬರ ಚೀಟಿಯಲ್ಲೂ ಒಂದೇ ಹೊತ್ತು ಬಂದರೆ ಅಲ್ಲಿ ನಿಜವಾಗಿಯೂ ಏನೋ ಹುಳುಕಿದೆ. ಬೇರೆ ಬೇರೆ ಬಂದರೆ ಇನ್ನೂ ಒಳ್ಳೆಯದು, ಮಾತಾಡಲು ವಿಷಯ ಸಿಕ್ಕಿತು.

ಶುರು ಮಾಡುವುದಾದರೆ ‘ದಿ ಝೋನ್ ಆಫ್ ಇಂಟರೆಸ್ಟ್’ನಿಂದಲೇ ಮಾಡಿ. ಪೂರ್ತಿ ಬೇಡ, ಮೊದಲ ಇಪ್ಪತ್ತು ನಿಮಿಷ ಸಾಕು. ಹೆಡ್‌ಫೋನ್ ಹಾಕಿಕೊಳ್ಳಿ, ದೀಪ ಆರಿಸಿ. ಶುರುವಿನಲ್ಲಿ ಸ್ವಲ್ಪ ಹೊತ್ತು ಪರದೆ ಪೂರ್ತಿ ಕಪ್ಪಾಗಿರುತ್ತದೆ. ಟಿವಿ ಕೆಟ್ಟಿತು ಅಂದುಕೊಳ್ಳಬೇಡಿ, ಕಿವಿ ತೆರೆದುಕೊಳ್ಳಲಿ ಅಂತ ಕೊಟ್ಟ ಹೊತ್ತು ಅದು. ಆಮೇಲೆ ಆ ತೋಟದಲ್ಲಿ ಗೋಡೆಯಾಚೆಯ ಯಾವ ಸದ್ದು ನಿಮಗೆ ಮೊದಲು ಕೇಳಿಸಿತು, ಯಾವುದು ಹೆಂಡತಿಯವರಿಗೆ ಕೇಳಿಸಿತು ಅಂತ ನನಗೆ ಬರೆದು ತಿಳಿಸಿ.